ತಿಮ್ಮವ್ವನ ಜಾಲಿ

ಗಿಡ ನೆಟ್ಟವನಿಗೆ ಪುಣ್ಯ ಬರುತ್ತದೆ ಎಂದು ವನಮಹೋತ್ಸವದ ದಿನ ಭಾಷಣ ಮಾಡುವವರನ್ನು ಕಂಡರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಯಾವ ಗಿಡ, ಯಾರ ಹೊಲದಲ್ಲಿ, ಯಾರ ಮಾತು ಕೇಳಿ ಎಂದು ಒಬ್ಬರೂ ವಿಚಾರಿಸುವುದಿಲ್ಲ. ನಾನು ಶಂಶುದ್ದೀನ್, ರಾಯಚೂರಿನವನು. ಅರಣ್ಯ ಇಲಾಖೆಯಲ್ಲಿ ಹದಿನೈದು ವರ್ಷ ಗಾರ್ಡ್ ಆಗಿದ್ದು ಈಗ ಫಾರೆಸ್ಟರ್ ಆಗಿದ್ದೇನೆ. ಲಕ್ಷಗಟ್ಟಲೆ ಗಿಡ ಬೆಳೆಸಿದ್ದೇನೆ. ಆದರೆ ನಾನು ನೆಟ್ಟ ಕಡೆ ಬೆಳೆದದ್ದಕ್ಕಿಂತ ನೆಡದ ಕಡೆ ಬೆಳೆದದ್ದೇ ಹೆಚ್ಚು.

ನನ್ನ ಮೊದಲ ಕೆಲಸ ದೇವದುರ್ಗದ ಗುಡ್ಡಗಳ ಮೇಲೆ. ಆಗ ಆ ಗುಡ್ಡಗಳು ನನ್ನ ಕಣ್ಣೆದುರೇ ಬೋಳಾಗುತ್ತಿದ್ದವು. ಸುತ್ತಲಿನ ಊರುಗಳ ಒಲೆಗಳೆಲ್ಲ ಅಲ್ಲಿನ ಕಟ್ಟಿಗೆಯಿಂದಲೇ ಉರಿಯುತ್ತಿದ್ದವು. ಎಷ್ಟು ಜನರನ್ನು ಹಿಡಿದರೂ, ಎಷ್ಟು ಕುಡುಗೋಲು ಕಸಿದುಕೊಂಡರೂ ಪ್ರಯೋಜನವಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಂದು ಸರ್ಕಾರ ಹೇಳಲು ಬರುವುದಿಲ್ಲವಲ್ಲ. ಕೊನೆಗೆ ಮೇಲಿನವರಿಗೂ ಇದು ಅರ್ಥವಾಯಿತು. ಊರಿನ ಉರುವಲನ್ನು ಊರಿನಲ್ಲೇ ಬೆಳೆಯಬೇಕು, ಆಗ ಮಾತ್ರ ಕಾಡು ಉಳಿಯುತ್ತದೆ ಎಂಬ ಹೊಸ ಯೋಜನೆ ಬಂತು. ಅದಕ್ಕೆಂದೇ ಎಪ್ಪತ್ತೆಂಟರಲ್ಲಿ ನನ್ನನ್ನು ಮಾನ್ವಿ ತಾಲೂಕಿನ ಕಲ್ಲೂರಿಗೆ ಹಾಕಿದರು. ಯೋಜನೆ ಒಳ್ಳೆಯದೇ ಇತ್ತು. ಈಗಲೂ ಆ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಕಲ್ಲೂರಿನ ದನಕರು ಮೇಯುವ ಗಾಯರಾಣದಲ್ಲಿ ನಲವತ್ತು ಎಕರೆ ನಮಗೆ ಕೊಟ್ಟರು. ಅದರ ಅಂಚಿಗೆ ಬಾವಿ ಇತ್ತು, ಬಾವಿಯ ಪಕ್ಕ ನನ್ನ ನರ್ಸರಿ. ಬಳ್ಳಾರಿ ಜಾಲಿಯ ಬೀಜ ಮೂಟೆಯಲ್ಲಿ ಬಂತು. ಮಳೆಗಾಲಕ್ಕೆ ಇಪ್ಪತ್ತು ಸಾವಿರ ಸಸಿ ಆಗಬೇಕು ಎಂದು ರೇಂಜರ್ ಸಾಹೇಬರು ಹೇಳಿ ಹೋದರು. ಕಪ್ಪು ಪಾಲಿಥೀನ್ ಚೀಲಗಳಿಗೆ ಮಣ್ಣು ತುಂಬಿ, ಬೀಜ ಹಾಕಿ, ದಿನಕ್ಕೆ ಎರಡು ಸಲ ನೀರು ಹಾಕಿಸಿದೆ. ಇಪ್ಪತ್ತು ದಿನ ಕಳೆದರೂ ಹತ್ತು ಚೀಲಕ್ಕೆ ಒಂದು ಮೊಳಕೆಯೂ ಕಾಣಿಸಲಿಲ್ಲ. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿದೆ, ಅರ್ಧ ಬೆಂದುಹೋದವು. ರೇಂಜರ್ ಬಂದು ಬೈದು ಹೋದರು.

ಆಗಲೇ ತಿಮ್ಮವ್ವ ನನ್ನ ಬೇಲಿಯ ಹತ್ತಿರ ಬಂದು ನಿಂತದ್ದು. ನನಗಿಂತ ಹತ್ತು ವರ್ಷ ದೊಡ್ಡವಳು, ಕುರುಬರ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಎಂಬತ್ತು ಕುರಿಗಳ ಹಿಂಡನ್ನು ತಾನೇ ನಡೆಸುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಕಲ್ಲೂರಿನ ರೈತರು ತಮ್ಮ ಹೊಲದಲ್ಲಿ ಅವಳ ಕುರಿ ತರುಬಿಸಲು ಮುಂಚೆಯೇ ಬಂದು ಹೇಳಿಟ್ಟು ಹೋಗುತ್ತಿದ್ದರು. ಸಂಜೆ ಹೊಲದಲ್ಲಿ ಗೂಟ ನೆಟ್ಟು ಬಲೆ ಕಟ್ಟಿ ಹಿಂಡನ್ನು ಒಳಗೆ ಕೂಡಿದರೆ, ಬೆಳಗಾಗುವಷ್ಟರಲ್ಲಿ ಆ ಚೌಕದಷ್ಟು ನೆಲಕ್ಕೆ ಹಿಕ್ಕೆ, ಉಚ್ಚೆಯ ಗೊಬ್ಬರ ಬಿದ್ದಿರುತ್ತಿತ್ತು. ಮರುದಿನ ಹಿಂದಿನ ಚೌಕ ಮುಗಿದಲ್ಲಿಂದ ಮುಂದಿನ ಚೌಕ. ಬೇರೆ ಕುರಿಯವರು ನಡುವೆ ಜಾಗ ಬಿಡುತ್ತಿದ್ದರು. ತಿಮ್ಮವ್ವ ಒಂದು ಗೇಣನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಅವಳಿಗೆ ಅಷ್ಟು ಬೇಡಿಕೆ, ಅವಳ ವರ್ಷದ ಜೋಳವೆಲ್ಲ ಅದರಿಂದಲೇ ಬರುತ್ತಿತ್ತು.

"ಏನ್ರಿ ಸಾಬರ, ಬರೀ ಮಣ್ಣಿಗೆ ನೀರು ಕುಡಸಾಕತ್ತೀರಿ?" ಎಂದಳು.

"ಬರೀ ಮಣ್ಣಲ್ಲಬೇ, ಜಾಲಿ ಬೀಜ ಹಾಕೀನಿ. ಹುಟ್ಟವಲ್ದು."

ಒಂದು ಬೀಜ ತೆಗೆದುಕೊಂಡು ಹಲ್ಲಿನಿಂದ ಕಡಿದು ನೋಡಿದಳು. "ಹಲ್ಲಿಗೇ ಬಗ್ಗವಲ್ದು, ಮಣ್ಣಿಗೆ ಹ್ಯಾಂಗ ಬಗ್ಗತದ? ಜಾಲಿ ಬೀಜ ಕುರಿ ಹೊಟ್ಟ್ಯಾಗ ಹಾದು ಬರಬೇಕ್ರಿ. ನಮ್ಮಪ್ಪ ಬದುವಿಗೆ ಕರಿಜಾಲಿ ಹಚ್ಚಬೇಕಾದ್ರ ಹಿಕ್ಕ್ಯಾಗಿನ ಬೀಜಾನ ಆರಸ್ತಿದ್ದ."

"ಖರೇನಾ?"

"ಸುಳ್ಳ್ಯಾಕ ಹೇಳ್ಲಿ? ನನ್ನ ಕುರಿಗೆ ಕಾಯಿ ತಿನಸ್ರಿ, ಒಂದ್ ರಾತ್ರಿ ಇಲ್ಲೇ ತರುಬ್ತೀನಿ. ಮುಂಜಾನಿ ನೀವಾ ನೋಡ್ರಿ."

ಇಲಾಖೆಯ ಪುಸ್ತಕದಲ್ಲಿ ಇದು ಇರಲಿಲ್ಲ. ಆದರೆ ನನಗೆ ಬೇರೆ ದಾರಿಯೂ ಇರಲಿಲ್ಲ. ಭಾನುವಾರ ರಾಯಚೂರಿಗೆ ಮನೆಗೆ ಹೋದವನು ರೈಲು ಹಳಿಯ ಬದಿಗೆ ಉದುರಿ ಬಿದ್ದಿದ್ದ ಬಳ್ಳಾರಿ ಜಾಲಿಯ ಹಳದಿ ಕಾಯಿಗಳನ್ನು ನಾಲ್ಕು ಚೀಲ ತುಂಬಿಸಿ, ಕಂಡಕ್ಟರ್ ಗೊಣಗಿದರೂ ಬಿಡದೆ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ಸಿಹಿ ಕಾಯಿ. ಕುರಿಗಳು ಮುಗಿಬಿದ್ದು ತಿಂದವು. ಬೇಸಿಗೆಯಲ್ಲಿ ಹಿಂಡಿಗೆ ಪುಕ್ಕಟೆ ಮೇವು ಸಿಕ್ಕಿತೆಂದು ತಿಮ್ಮವ್ವನಿಗೂ ಸಂತೋಷ. ಬೆಳಿಗ್ಗೆ ಹಿಕ್ಕೆ ಗುಡಿಸಿ, ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿದೆವು. ಆ ಬೀಜ ಹಾಕಿದ ಒಂದು ವಾರಕ್ಕೆ ಚೀಲಗಳೆಲ್ಲ ಹಸಿರಾದವು.

ಆ ಮಳೆಗಾಲಕ್ಕೆ ಇಪ್ಪತ್ತಲ್ಲ, ಇಪ್ಪತ್ತಾರು ಸಾವಿರ ಸಸಿ ಕೊಟ್ಟೆ. ರಾಯಚೂರಿನಲ್ಲಿ ಸಭೆ ಮಾಡಿ ನನಗೊಂದು ಪ್ರಶಸ್ತಿಪತ್ರ ಕೊಟ್ಟರು. ಇದು ಹೇಗೆ ಹೊಳೆಯಿತು ಎಂದು ದೊಡ್ಡ ಸಾಹೇಬರು ವೇದಿಕೆಯ ಮೇಲೆ ಕೇಳಿದಾಗ ನಾನೇ ಪ್ರಯೋಗ ಮಾಡಿದೆ ಎಂದೆ. ತಿಮ್ಮವ್ವನ ಹೆಸರು ಹೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಹೇಳಲಿಲ್ಲ. ಆ ದಿನ ನನಗೆ ಅದು ತಪ್ಪು ಎಂದೂ ಅನ್ನಿಸಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಮುಂದಕ್ಕೆ ಹಾಕಿದರೆ ಮತ್ತೆ ಜಾರಿಕೊಳ್ಳುತ್ತೇನೆ. ನಮ್ಮ ಮನೆ ಇದ್ದದ್ದು ರಾಯಚೂರಿನ ರೈಲು ಹಳಿಯ ಪಕ್ಕ. ಹಿತ್ತಿಲ ಆಚೆ ಮೊದಲು ಹುಲ್ಲು ಬೆಳೆಯುವ ಬಯಲಿತ್ತು, ನನ್ನ ಹೆಂಡತಿ ಶಹಜಾದಿ ಬೇಗಂ ಅಲ್ಲಿ ಎರಡು ಆಡು ಕಟ್ಟುತ್ತಿದ್ದಳು. ನಾನು ಕಲ್ಲೂರಿಗೆ ಹೋಗುವ ಮುಂಚೆಯೇ, ಐದಾರು ವರ್ಷದಲ್ಲಿ, ಬಳ್ಳಾರಿ ಜಾಲಿ ಆ ಬಯಲನ್ನು ನುಂಗಿ ಹಾಕಿತ್ತು. ಅದರ ಕೆಳಗೆ ಹುಲ್ಲಿನ ಒಂದು ಎಸಳೂ ಹುಟ್ಟಲಿಲ್ಲ. ಹಿತ್ತಿಲಿಗೆ ಬಂದ ಒಂದು ಗಿಡವನ್ನು ನಾನೇ ಕಡಿದೆ, ಐದು ಟಿಸಿಲಾಗಿ ಚಿಗುರಿತು. ಅಗೆದೆ, ಮೊಳಕಾಲುದ್ದ ಹೋದರೂ ಬೇರು ಮುಗಿಯಲಿಲ್ಲ. ಕಾಯಿ ತುಂಬಿದ ಚೀಲ ನೋಡಿ ಶಹಜಾದಿ ನಮ್ಮ ದಖನಿಯಲ್ಲಿ ನನ್ನನ್ನು ಚೆನ್ನಾಗಿ ಆಡಿಕೊಂಡಳು. ಊರೂರಿಗೆ ಹಂಚಲು ಹೊರಟಿದ್ದೀರಲ್ಲ, ಮೊದಲು ನಮ್ಮ ಹಿತ್ತಿಲಿನದನ್ನು ಕಿತ್ತು ತೋರಿಸಿ ಎಂದಳು. ಇಲಾಖೆ ವಿಚಾರ ನಿನಗೇನು ತಿಳಿಯುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಎರಡನೆಯ ಬೇಸಿಗೆಯಲ್ಲಿ ಕುರಿ ತರುಬಿದ ಮರುದಿನ ಬೆಳಿಗ್ಗೆ ತಿಮ್ಮವ್ವ ಬಲೆ ಬಿಚ್ಚದೆ ನಿಂತಿದ್ದಳು.

"ಸಾಬರ, ತಿಂದ ಬೀಜ ಒಂದಾ ರಾತ್ರಿಗಿ ಪೂರಾ ಬೀಳಂಗಿಲ್ರಿ. ಇನ್ನಾ ನಾಕೈದ್ ದಿನ ಬೀಳತಾವ. ಹೋದ ವರ್ಷ ನಾ ಇದರ ಮ್ಯಾಲ ಧ್ಯಾನ ಇಡಲಿಲ್ಲ. ಹೊಟ್ಟಿ ಖಾಲಿ ಆಗೋತನಾ ಇಲ್ಲೇ ತರುಬ್ಲೇನು?"

ಸರ್ಕಾರಿ ನರ್ಸರಿಯಲ್ಲಿ ಕುರಿ ಇರಬಾರದು ಎಂಬ ನಿಯಮ ಇತ್ತು. ಒಂದು ರಾತ್ರಿಯದನ್ನು ಹೇಗೋ ಮುಚ್ಚಿಟ್ಟಿದ್ದೆ. ಮರುದಿನ ರೇಂಜರ್ ತಪಾಸಣೆಗೆ ಬರುವವರಿದ್ದರು. "ಬ್ಯಾಡಬೇ, ಸಾಹೇಬ್ರು ಬರೋರದಾರ. ಹೊಲದಾಗ ಬಿದ್ರ ಬೀಳಲಿ. ಹುಟ್ಟಿದ್ರ ಕುಂಟಿ ಹೊಡದು ತಗೀತಾರ," ಎಂದೆ.

"ನಾಳಿಂದ ಸೂಗಪ್ಪಗೌಡ್ರ ಹೊಲದಾಗ ತರುಬ್ಬೇಕ್ರಿ. ಅವ್ರದು ಎರಿ ಭೂಮಿ, ಮಳಿಗಾಲ ಪೂರಾ ಬೀಳು ಬಿಡ್ತಾರ. ಈ ಜಾಲಿನೂ ನಮ್ಮ ಕರಿಜಾಲಿ ಹಂಗೇನ್ರಿ, ಕಿತ್ತರ ಬರ್ತದೇನು?"

ಕಿತ್ತರೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಹಿತ್ತಿಲಲ್ಲಿ ನಾನು ಅಗೆದ ಗುಂಡಿ ಇನ್ನೂ ಹಾಗೆಯೇ ಇತ್ತು. ಆದರೂ ನನ್ನ ಬಾಯಿಂದ ಬಂದದ್ದು ಇಷ್ಟು: "ಎಲ್ಲಾ ಜಾಲಿನೂ ಒಂದಾ, ತಿಮ್ಮವ್ವ. ನೀ ಚಿಂತಿ ಮಾಡಬ್ಯಾಡ, ಹೊಡಕೊಂಡು ಹೋಗು."

"ಸರ್ಕಾರದವ್ರು ನೀವಾ ಹೇಳಿದ ಮ್ಯಾಲ ಆತು ಬಿಡ್ರಿ," ಎಂದು ಅವಳು ಬಲೆ ಬಿಚ್ಚಿದಳು.

ಮೂರು ಬೇಸಿಗೆ, ಬೇಸಿಗೆಗೆ ಎರಡು ಮೂರು ಸಲ, ಹೀಗೇ ನಡೆಯಿತು. ನನ್ನ ನರ್ಸರಿಯಲ್ಲಿ ಒಂದು ರಾತ್ರಿ, ಮರುದಿನದಿಂದ ಯಾರದೋ ಹೊಲ.

ಎಂಬತ್ತಮೂರರ ಮಳೆಗಾಲ ಮುಗಿದಾಗ ಸೂಗಪ್ಪಗೌಡರು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಪ್ಪು ನೆಲದ ನಡುವೆ ಜಾಲಿ ಎದ್ದಿತ್ತು. ಹೊಲದ ತುಂಬ ಅಲ್ಲ. ಚೌಕಾಕಾರವಾಗಿ, ಗೆರೆ ಎಳೆದಂತೆ. ಒಂದು ಚೌಕ ಮುಗಿದಲ್ಲಿಂದ ಇನ್ನೊಂದು ಚೌಕ, ಒಟ್ಟು ನಾಲ್ಕು. ಮೊದಲನೆಯದು ದಟ್ಟ, ನಾಲ್ಕನೆಯದು ತೆಳು. ತಿಮ್ಮವ್ವನ ಬಲೆಯ ಅಳತೆ ಊರಿನವರೆಲ್ಲರಿಗೂ ಗೊತ್ತಿತ್ತು. ಅವಳು ಒಂದು ಗೇಣು ನೆಲ ಬಿಡದೆ ಕೆಲಸ ಮಾಡುವವಳು ಎಂಬುದಕ್ಕೆ ಆ ಹೊಲಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಎರಡು ವರ್ಷದಿಂದ ಕುಂಟೆ ಹೊಡೆಯುತ್ತಿದ್ದೇವೆ, ಹೊಡೆದಷ್ಟೂ ಟಿಸಿಲು ಹೆಚ್ಚುತ್ತದೆ ಎಂದು ಗೌಡರು ಹೇಳಿದರು. ಅವರ ಎತ್ತಿನ ಗೊರಸಿಗೆ ಮುಳ್ಳು ಮುರಿದು, ಕಾಲು ಬಾತು, ಅದು ಹಟ್ಟಿಯಲ್ಲಿ ಮಲಗಿತ್ತು. ಇನ್ನೂ ಏಳು ಜನರ ಹೊಲದಲ್ಲಿ ಅದೇ ಚೌಕಗಳು ಎದ್ದಿದ್ದವು.

ಮರುವಾರ ಚಾವಡಿಯಲ್ಲಿ ಪಂಚಾಯಿತಿ ಸೇರಿತು. ಸರ್ಕಾರದವನೆಂದು ನನಗೆ ಕುರ್ಚಿ ಹಾಕಿದ್ದರು. ತಿಮ್ಮವ್ವ ಕಂಬದ ಪಕ್ಕ ನಿಂತಿದ್ದಳು. ಅವಳೇನೂ ಹೆದರಿರಲಿಲ್ಲ, ನಾನು ಇದ್ದೇನಲ್ಲ ಎಂಬ ಧೈರ್ಯ ಅವಳಿಗೆ.

"ನಿನ್ನ ಕುರಿ ಹಿಕ್ಕಿಲೆ ಬಂದದ್ದು ಇದು. ಏನಂತೀ?" ಎಂದು ಸೂಗಪ್ಪಗೌಡರು ಕೇಳಿದರು.

"ಹೌದ್ರಿ ಗೌಡ್ರ, ನನ್ನ ಕುರೀವಾ. ಆದ್ರ ಕಾಯಿ ತಿನಿಸಿದ್ದು ಗಾರ್ಡ ಸಾಬರು. ನಾಕ ದಿನ ಅಲ್ಲೇ ತರುಬ್ತೀನಿ ಅಂದ್ರ ಬ್ಯಾಡಂದ್ರು. ಹೊಲದಾಗ ಬಿದ್ರ ಏನಾಗಂಗಿಲ್ಲ ಅಂದ್ರು. ಇಲ್ಲೇ ಕುಂತಾರಲ್ರಿ, ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ತಿಂಗಳು ಫಾರೆಸ್ಟರ್ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸರ್ಕಾರಿ ನರ್ಸರಿಯಲ್ಲಿ ಕುರಿ ತರುಬಿಸಿದೆ, ಆ ಕುರಿಯಿಂದ ಎಂಟು ಜನರ ಹೊಲ ಹಾಳಾಯಿತು ಎಂದು ಊರಿನವರು ಅರ್ಜಿ ಕೊಟ್ಟರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ನೌಕರಿಯೂ ಹೋದರೆ ಹೋಯಿತು. ಇದನ್ನೆಲ್ಲ ಲೆಕ್ಕ ಹಾಕಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ನರ್ಸರಿ ಒಳಗ ಕುರಿ ಬಿಡಾಕ ಕಾನೂನಾ ಇಲ್ರಿ," ಎಂದೆ. "ಆಕಿ ಕುರಿ ದಾರ್‍ಯಾಗ ಎಲ್ಲಿ ಏನ್ ತಿಂದಾವೋ ನನಗ ಹ್ಯಾಂಗ ಗೊತ್ತಾಗಬೇಕು?"

ತಿಮ್ಮವ್ವ ನನ್ನ ಮುಖ ನೋಡಿದಳು. ಜಗಳ ತೆಗೆಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಮಾಡಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು ಅಷ್ಟೇ. ಊರಿನವರಿಗೆ ಒಬ್ಬ ನೌಕರದಾರನ ಮಾತು ಸಾಕಾಯಿತು. ಇನ್ನು ಮೇಲೆ ಅವಳ ಹಿಂಡನ್ನು ಯಾರೂ ಹೊಲದಲ್ಲಿ ತರುಬಿಸಕೂಡದು ಎಂದು ತೀರ್ಮಾನವಾಯಿತು. ಸುದ್ದಿ ಸುತ್ತಲಿನ ಊರುಗಳಿಗೂ ಹೋಯಿತು. ಹೊಲದಲ್ಲಿ ಕಾಲಿಡಲು ಬಿಡದ ಮೇಲೆ ಕುರಿ ಇಟ್ಟುಕೊಂಡು ಏನು ಮಾಡುವುದು? ಗಾಯರಾಣದಲ್ಲಿ ಮೇಯಿಸೋಣವೆಂದರೆ ಅಲ್ಲಿ ನನ್ನ ಜಾಲಿ, ಅದರೊಳಗೆ ಹಾವು ಬಿಟ್ಟರೆ ಬೇರೆ ಜೀವ ನುಸುಳುವಂತಿರಲಿಲ್ಲ. ದೀಪಾವಳಿಗೆ ಮುಂಚೆ ಹಿಂಡನ್ನೆಲ್ಲ ಮಾರಿ ದೇವದುರ್ಗದಲ್ಲಿದ್ದ ತಂಗಿಯ ಮನೆಗೆ ಹೋದಳೆಂದು ಕೇಳಿದೆ. ಹೋಗುವಾಗ ನರ್ಸರಿಯ ಮುಂದಿನಿಂದಲೇ ಹೋದಳಂತೆ. ನಾನು ಬೇಕೆಂದೇ ಮಾನ್ವಿಗೆ ಹೋಗಿದ್ದೆ.

ನನಗೆ ಬಡ್ತಿ ಬಂತು. ಎಂಬತ್ತೇಳರಲ್ಲಿ ಮತ್ತೆ ದೇವದುರ್ಗಕ್ಕೇ ಹಾಕಿದರು. ಹೋಗಿ ನೋಡಿದರೆ ಗುಡ್ಡಗಳು ಹಸಿರಾಗಿದ್ದವು. ಹಿಂದೆ ನನ್ನ ಕಣ್ಣೆದುರೇ ಕಡಿದುಹೋಗಿದ್ದ ಮರಗಳ ಬುಡಗಳಲ್ಲಿ ಆಳೆತ್ತರ ಚಿಗುರು ಬಂದಿತ್ತು, ನವಿಲು ಕೂಗುತ್ತಿದ್ದವು. ಯಾರೂ ಗುಡ್ಡಕ್ಕೆ ಕೊಡಲಿ ಒಯ್ಯುತ್ತಿರಲಿಲ್ಲ. ಊರ ಸುತ್ತಲಿನ ಹಳ್ಳ, ಬೀಳು ಹೊಲ, ರಸ್ತೆಬದಿ ಎಲ್ಲ ಕಡೆ ಬಳ್ಳಾರಿ ಜಾಲಿ ಬೇಕಾದಷ್ಟಿರುವಾಗ ಗುಡ್ಡ ಯಾಕೆ ಹತ್ತಬೇಕು? ಯೋಜನೆ ಗೆದ್ದಿತ್ತು. ಮೇಲಿನವರು ಜೀಪಿನಲ್ಲಿ ಬಂದು ನೋಡಿ ಬೆನ್ನು ತಟ್ಟಿ ಹೋದರು. ನನಗೆ ಒಳಗೊಳಗೇ ಸಂತೋಷ ಆಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ಸಂತೋಷ ಕಲ್ಲೂರಿನ ಬಸ್ ನಿಲ್ದಾಣದಲ್ಲಿ ಇಳಿಯಿತು. ರಾಯಚೂರಿಗೆ ಹೋಗುವಾಗ ಅಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಇಬ್ಬರು ಹರೆಯದವರು ಮಾತಾಡುತ್ತಿದ್ದರು. ಒಬ್ಬನ ಸೈಕಲ್ ಪಂಚರ್ ಆಗಿತ್ತು.

"ಏನ್ ಮುಳ್ಳಲೇ ಅದು?"

"ತಿಮ್ಮವ್ವನ ಜಾಲಿದು. ಮತ್ಯಾವುದು ಇರ್ತದ ಇಲ್ಲಿ?"

ನಾಲ್ಕು ವರ್ಷದಲ್ಲಿ ಅದಕ್ಕೆ ಅದೇ ಹೆಸರು ನಿಂತುಬಿಟ್ಟಿತ್ತು. ತಿಮ್ಮವ್ವ ಯಾರೆಂದು ಆ ಹುಡುಗರಿಗೆ ಸರಿಯಾಗಿ ನೆನಪಿತ್ತೋ ಇಲ್ಲವೋ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಬಸ್ಸಿನಿಂದ ಇಳಿದು ಅದು ಶಂಶುದ್ದೀನನ ಜಾಲಿ ಎಂದು ಹೇಳಬಹುದಿತ್ತು. ಹೇಳದೆ ಕಿಟಕಿಯ ಗಾಜು ಎಳೆದುಕೊಂಡೆ. ಆದರೆ ದೇವದುರ್ಗಕ್ಕೆ ಮರಳಿದ ಮೇಲೆ ಅವಳನ್ನು ಹುಡುಕಿದೆ.

ಹುಡುಕುವುದೇನೂ ಕಷ್ಟವಾಗಲಿಲ್ಲ. ಜಾಲಿ ಕಡಿದು ಕಟ್ಟಿಗೆ ಮಾರುವ ಹೆಂಗಸರಲ್ಲಿ ಅವಳೂ ಒಬ್ಬಳು. ಊರ ಹೊರಗಿನ ಹಳ್ಳದ ದಂಡೆಯಲ್ಲಿ ಇರುತ್ತಾಳೆ ಎಂದು ಹೋಟೆಲಿನವರು ಹೇಳಿದರು. ಮಧ್ಯಾಹ್ನದ ಬಿಸಿಲಲ್ಲಿ ನಡೆದು ಹೋದೆ. ಹೊರೆ ಕಟ್ಟಿಟ್ಟುಕೊಂಡು, ತಲೆಗೆ ಸಿಂಬಿ ಇಟ್ಟುಕೊಂಡು, ಎತ್ತಿಸುವವರಿಗಾಗಿ ಕಾಯುತ್ತ ಕೂತಿದ್ದಳು. ಮೊಳಕೈವರೆಗೆ ಮುಳ್ಳು ಗೀರಿದ ಗಾಯಗಳು, ಕೆಲವು ಒಣಗಿದ್ದವು, ಕೆಲವು ಹಸಿ.

"ಅಯ್ಯ, ಸಾಬರ ಅಲ್ಲೇನ್ರಿ!" ಅವಳ ಮುಖ ಅರಳಿತು. "ಛಲೋ ಆತು ಬಂದ್ರಿ. ಒಂದೀಟು ಹೊರಿ ಎತ್ತಸ್ರಿ. ಮನ್ಯಾಗ ಬೇಗಮ್ಮರು ಆರಾಮ ಅದಾರೇನು?"

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ತಿಮ್ಮವ್ವ," ಎಂದೆ, "ಅವತ್ತು ಚಾವಡ್ಯಾಗ ನಾ ಸುಳ್ಳು ಹೇಳಿದೆ."

"ಅದು ನನಗ ಗೊತ್ತಿಲ್ಲದ್ದೇನ್ರಿ?" ಎಂದು ನಕ್ಕಳು. "ನೌಕರಿ ಮನಷ್ಯಾರು ನೀವು. ಖರೇ ಹೇಳಿದ್ರ ಮನಿಗಿ ಕಳಸ್ತಿದ್ರು. ಅದಕ್ಕ ನಾ ಸಿಟ್ಟಾಗಿಲ್ಲ ಬಿಡ್ರಿ. ಸಿಟ್ಟು ಏನಿದ್ರೂ ನನ್ನ ಮ್ಯಾಲ ನನಗಾ ಅದ. ನೀವು ಸಿಟಿಯವ್ರು. ನಿಮಗ ಕುರಿ ಏನ್ ಗೊತ್ತು, ಜಾಲಿ ಏನ್ ಗೊತ್ತು? ಯಾರೋ ಕೊಟ್ಟ ಬೀಜ, ಹುಟ್ಟಸು ಅಂದ್ರು, ಹುಟ್ಟಿಸಿದ್ರಿ. ಕುರಿ ಹೊಟ್ಟಿ ಗೊತ್ತಿದ್ದಾಕಿ ನಾನು. ನಾಕ ದಿನ ಎಲ್ಲೆರ ಬೀಳಿನ್ಯಾಗ ತಡದಿದ್ರ ಆಗ್ತಿತ್ತು. ಗೌಡ್ರ ಎತ್ತು ಕುಂಟಿದ್ದು ಇನ್ನಾ ನನ್ನ ಕಣ್ಣಾಗ ಅದ."

ಇಲ್ಲಿಗೆ ಸುಮ್ಮನಾಗಬಹುದಿತ್ತು. ಅವಳೇ ನನಗೊಂದು ದಾರಿ ತೆಗೆದುಕೊಟ್ಟಿದ್ದಳು. ತಿಳಿಯದೆ ಮಾಡಿದವನು ಎಂದು ನಾಲ್ಕು ವರ್ಷದಿಂದ ನನ್ನನ್ನು ತನ್ನ ಮನಸ್ಸಿನಲ್ಲಿ ಕಾಪಾಡಿಕೊಂಡು ಬಂದಿದ್ದಳು. ಹೊರೆ ಎತ್ತಿಸಿ, ಆರೋಗ್ಯ ವಿಚಾರಿಸಿ, ಹಗುರಾಗಿ ಮನೆಗೆ ಬರಬಹುದಿತ್ತು. ಆದರೆ ಎಂಟು ಹೊಲದ ತಪ್ಪನ್ನು ಅವಳು ಆ ಗಾಯದ ಕೈಯಲ್ಲಿ ಇನ್ನೂ ಹಿಡಿದುಕೊಂಡಿರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತು ಯವ್ವಾ. ರಾಯಚೂರಾಗ ನಮ್ಮ ಹಿತ್ತಲದಾಗ ಇದಾ ಜಾಲಿ ಎದ್ದಿತ್ತು. ಕಡದಿದ್ದೆ, ಅಗದಿದ್ದೆ, ಹೋಗಿರಲಿಲ್ಲ. ಹೊಲದಾಗ ಬಿದ್ರ ಏನಾಗ್ತದ ಅಂತ ನನಗ ಮೊದಲಾ ಗೊತ್ತಿತ್ತು."

ಅವಳ ನಗು ತಕ್ಷಣ ಹೋಗಲಿಲ್ಲ. ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಾ ಕೇಳಿದ್ನಲ್ರಿ," ಎಂದಳು.

"ಕೇಳಿದ್ದಿ."

"ನಮ್ಮ ಕರಿಜಾಲಿ ಹಂಗೇನ್ರಿ, ಕಿತ್ತರ ಬರ್ತದೇನ್ರಿ ಅಂತ ಬಾಯಿ ಬಿಟ್ಟು ಕೇಳಿದ್ನಲ್ರಿ."

"ಕೇಳಿದ್ದಿ ಯವ್ವಾ. ತಪ್ಪಾತು. ಕಲ್ಲೂರಿಗಿ ಹೋಗಿ ಗೌಡ್ರ ಮುಂದ ಎಲ್ಲಾ ಹೇಳ್ತೀನಿ."

"ಹೇಳ್ರಿ," ಎಂದಳು. "ಎಂಬತ್ತು ಕುರಿ ಇದ್ವು ನನ್ನವು. ಅವೂ ಎಲ್ಲೆಲ್ಲಿ ಅದಾವ ಕೇಳಿಕೊಂಡು ಬರ್ರಿ."

ಇಷ್ಟು ವರ್ಷ ನನ್ನ ಮೇಲೆ ಇಲ್ಲದ ಸಿಟ್ಟು ಅವಳ ಮುಖಕ್ಕೆ ಬಂದದ್ದನ್ನು ನಾನು ನಿಂತು ನೋಡಿದೆ. ಏನು ಮಾಡಬೇಕೆಂದು ತಿಳಿಯದೆ, ಬಗ್ಗಿ ಹೊರೆಯ ಒಂದು ತುದಿಗೆ ಕೈ ಹಾಕಿದೆ. ಅವಳು ತನ್ನ ಎರಡೂ ಕೈಗಳನ್ನು ಹೊರೆಯ ಮೇಲೆ ಊರಿ ಅದನ್ನು ನೆಲಕ್ಕೆ ಒತ್ತಿ ಹಿಡಿದಳು.

"ಬ್ಯಾಡ್ರಿ."

"ಬಿಸಿಲು ಭಾಳ ಅದ ಯವ್ವಾ, ಇಲ್ಲಿ ಯಾರೂ ಇಲ್ಲ."

"ಯಾರೆರ ಬರ್ತಾರ. ನೀವು ಹೋಗ್ರಿ."

ಅವಳು ನನ್ನ ಕಡೆ ತಿರುಗಲಿಲ್ಲ. ನಾನು ರಸ್ತೆಯತ್ತ ನಡೆದೆ. ಹಿಂದೆ ನೋಡಬಾರದು ಎಂದುಕೊಂಡರೂ ಮೂರು ಸಲ ನೋಡಿದೆ, ಮೂರು ಸಲವೂ ಅವಳು ಹೊರೆಯ ಪಕ್ಕದಲ್ಲಿ ಬಿಸಿಲಿಗೆ ಹಾಗೇ ಕೂತಿದ್ದಳು. ಆಗ ಎದುರಿನಿಂದ ಸೈಕಲ್ ಮೇಲೆ ಯಾರೋ ಒಬ್ಬ ಹಳ್ಳದ ಕಡೆ ಇಳಿದು ಹೋದ. ಅವನು ಯಾರೋ ನನಗೆ ಗೊತ್ತಿಲ್ಲ, ಬಹುಶಃ ಅವಳಿಗೂ ಗೊತ್ತಿರಲಿಲ್ಲ. "ಅಪ್ಪಾ, ಒಂದೀಟು ಹೊರಿ ಎತ್ತಸೋ," ಎಂದು ಅವಳು ಅವನನ್ನು ಕೂಗಿ ಕರೆದದ್ದು ನನಗೆ ರಸ್ತೆಯವರೆಗೂ ಕೇಳಿಸಿತು.